ಕುರಿಯ ಹಿಂದೆ ಹೋದವನು

೧೮ ಆಗಸ್ಟ್ ೨೦೨೫, ಸೋಮವಾರ, ಬೆಟಗೇರಿ

ಮತ್ತೆ ಸುರುವಾಯಿತು ತಿರುಗಾಟ. ಮೂವತ್ತು ವರ್ಷದಿಂದ ನಡೆದಿರುವ ಸಮೀಕ್ಷೆ ಇದು. ಆರೇಳು ವರ್ಷಕ್ಕೊಮ್ಮೆ ಅದೇ ಊರು, ಅದೇ ಮನೆ, ಅದೇ ಪ್ರಶ್ನೆ. ಯಾರು ಹುಟ್ಟಿದರು, ಯಾರು ಸತ್ತರು, ಯಾರು ಊರು ಬಿಟ್ಟರು? ಧಾರವಾಡದ ಆಫೀಸಿನವರಿಗೆ ಈ ಸಲ ಬೇಕಾದದ್ದು ಕಡೆಯ ಪ್ರಶ್ನೆಯೇ. ಗದಗ ಜಿಲ್ಲೆಯ ಜನ ಎಲ್ಲಿಗೆ ಹೋಗುತ್ತಾರೆ, ಯಾಕೆ ಹೋಗುತ್ತಾರೆ, ಹೊರಳಿ ಬರುತ್ತಾರೋ ಇಲ್ಲವೋ. ಹೋದವರನ್ನು ಬೆನ್ನು ಹತ್ತಿ ಹುಡುಕಿ ಮಾತಾಡಿಸಬೇಕಂತೆ. ನನ್ನ ಐವತ್ತೊಂದು ವರ್ಷದ ಮೊಣಕಾಲಿಗೆ ಈ ಸುದ್ದಿಯನ್ನು ಯಾರು ತಿಳಿಸಬೇಕು?

ಇವತ್ತು ತರಬೇತಿ. ನಮ್ಮ ಮೇಲ್ವಿಚಾರಕ ಸಿದ್ದಾರೂಢ ನನಗಿಂತ ಹದಿನೈದು ವರ್ಷ ಚಿಕ್ಕವನು. ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋಗಬಾರದು, ಗಂಡನ ಮಾತು ಹೆಂಡತಿಗೂ ತಿಳಿಯಬಾರದು ಎಂದು ಒಂದು ತಾಸು ಉಪದೇಶ ಮಾಡಿ ಎಲ್ಲರಿಂದ ಸಹಿ ಹಾಕಿಸಿಕೊಂಡ. ನನಗೆ ಕಲಿಸುತ್ತಾನೆ! ಇಪ್ಪತ್ತು ವರ್ಷದಿಂದ ಶಿರಹಟ್ಟಿ, ಮುಂಡರಗಿಯ ಅರ್ಧ ಜನರ ಗುಟ್ಟು ಈ ಹೊಟ್ಟೆಯಲ್ಲಿದೆ, ಒಂದಾದರೂ ಹೊರಬಿದ್ದಿದೆಯೇ? ಮನೆಯವರ ಸುಖದುಃಖಕ್ಕೆ ಕೈ ಹಾಕುವವರು ಬೇರೆ. ನಾನು ಕೇಳಿ, ಬರೆದುಕೊಂಡು, ಎದ್ದು ಬರುವವಳು.

ಗದಗ ತಾಲೂಕು ನೋಡುತ್ತಿದ್ದ ಗೋಣೆಪ್ಪ ನಿವೃತ್ತನಾದ. ಅವನ ಪಾಲಿನ ಹೊಂಬಳ ನನ್ನ ಕೊರಳಿಗೆ ಬಿತ್ತು.

ಸಂಜೆ ಅಣ್ಣ ಅಂದಾನಪ್ಪ ಫೋನು ಮಾಡಿದ್ದ. ಅವ್ವ ತೀರಿದ ಮೇಲೆ ಹಿರಿಯರಿಗೆ ಎಡೆ ಇಡುವ ಮೊದಲ ಮಾನಮಿ ಅಮಾವಾಸ್ಯೆ ಇದು. "ಅವ್ವನ ಮದ್ಲನೇ ಎಡಿ ಐತಿ. ಆ ದಿವ್ಸ ಸರ್ವೆ ಗಿರ್ವೆ ಅಂತ ನೆವಾ ಹೇಳಬ್ಯಾಡ, ಈಗ್ಲೇ ಹೇಳೇನಿ" ಎಂದ. ಆಯಿತು ಎಂದೆ.

೨೦ ಆಗಸ್ಟ್, ಬುಧವಾರ

ಹೊಂಬಳ. ಮೊದಲಿನ ಮನೆಗಳು ಸರಾಗವಾಗಿ ಆದವು. ಮನೆ ನಂಬರು ಹದಿನಾಲ್ಕರಲ್ಲಿ ಸಿಕ್ಕಿಬಿದ್ದೆ.

ಯಜಮಾನ ಹುಚ್ಚಪ್ಪ, ಐವತ್ತರ ಹತ್ತಿರ. ಹೆಂಡತಿ ಇಲ್ಲ, ತೀರಿಕೊಂಡಿದ್ದಾಳೆ. ತಾಯಿ ಮಾಳವ್ವ, ಮಗಳು ಮಂಜುಳಾ. ಇಷ್ಟು ಬರೆದ ಮೇಲೆ ಟ್ಯಾಬಿನಲ್ಲಿ ಇನ್ನೊಂದು ಹೆಸರು ಉಳಿಯಿತು. ಸುಭಾಸ, ಹುಚ್ಚಪ್ಪನ ತಮ್ಮ, ಮನೆಯಲ್ಲೇ ಇರುವವನು ಎಂದು ಗೋಣೆಪ್ಪ ಹೋದ ಸಲ ಬರೆದಿದ್ದಾನೆ.

"ಸುಭಾಸ ಎಲ್ಲಿ?" ಎಂದೆ.

"ಕುರಿ ಹಿಂದ ಹೋಗ್ಯಾನ" ಎಂದಳು ಮಾಳವ್ವ, ಶೇಂಗಾ ಸುಲಿಯುತ್ತ.

ಆರು ತಿಂಗಳು ಮನೆಯಲ್ಲಿ ಉಣ್ಣದವನನ್ನು ನಾವು ಮನೆಯವನೆಂದು ಲೆಕ್ಕ ಹಿಡಿಯುವುದಿಲ್ಲ. ಆದರೆ ಕುರುಬರ ಮನೆಗಳಿಗೆ ಒಂದು ವಿನಾಯಿತಿ ಇದೆ. ಕುರಿ ಹೊಡೆದುಕೊಂಡು ಹೋದವನು ಊರೂರು ಅಲೆದು, ಕಂಡವರ ಹೊಲದಲ್ಲಿ ಹಿಂಡು ನಿಲ್ಲಿಸಿ, ಮುಂಗಾರಿಗೆ ಹೊರಳಿ ಬರುತ್ತಾನೆ. ಅವನ ಬುತ್ತಿ ಈ ಒಲೆಯದೇ. ಅಂಥವನನ್ನು ಊರು ಬಿಟ್ಟವನೆಂದು ಬರೆಯುವಂತಿಲ್ಲ. ಸರಿ, ಹಾಗೆಯೇ ಇರಲಿ ಎಂದು ದನಕರುಗಳ ಪ್ರಶ್ನೆಗೆ ಹೋದೆ. ಎಷ್ಟು ಕುರಿ ಅದಾವ ಎಂದು ಕೇಳಿದೆ.

"ಯಾವ ಕುರಿ ಅಕ್ಕಾರ?" ಎಂದ ಹುಚ್ಚಪ್ಪ. "ಒಂದ ಮರಿನೂ ಇಲ್ಲ. ಎಲ್ಲಾ ಮಾರಿ ಎಂಟ ವರ್ಷಾತು."

ಮಾಳವ್ವ ತಲೆ ಎತ್ತಲಿಲ್ಲ. "ಕುರಿ ನೀ ಮಾರಿದಿ. ಕಾಯಂವ ಹೊಳ್ಳಿ ಬಂದಿಲ್ಲಲ್ಲ."

ಗೋಣೆಪ್ಪನ ಮೇಲೆ ಎಂಥ ಸಿಟ್ಟು ಬಂತೆಂದರೆ! ಒಂದು ಪುಟದಲ್ಲಿ ಕುರಿ ಸೊನ್ನೆ, ಮುಂದಿನ ಪುಟದಲ್ಲಿ ಕುರಿಗಾರ. ಕಣ್ಣು ಮುಚ್ಚಿ ಬರೆದಿದ್ದಾನೆ, ಪುಣ್ಯಾತ್ಮ.

ಹುಚ್ಚಪ್ಪ ನನ್ನನ್ನು ಹೊರಗಿನ ಕಟ್ಟೆಗೆ ಕರೆದು ಎಲ್ಲ ಹೇಳಿದ. ಹನ್ನೊಂದು ವರ್ಷದ ಹಿಂದೆ ಶಿರಹಟ್ಟಿ ಕಡೆ ಹಿಂಡು ನಿಲ್ಲಿಸಿದ್ದರು. ಸುಭಾಸನಿಗೆ ಜೊಂಪು ಹತ್ತಿ ಕುರಿಗಳು ಯಾರದೋ ಹತ್ತಿ ಹೊಲಕ್ಕೆ ನುಗ್ಗಿದವು. ಹೊಲದವನು ನಾಲ್ಕು ಮಂದಿ ಕರೆದುಕೊಂಡು ಬಂದ. ಅವರೆದುರಿಗೆ ಹುಚ್ಚಪ್ಪ ತಮ್ಮನನ್ನು ಬಡಿಗೆಯಿಂದ ಹೊಡೆದ. ಸುಭಾಸ ಹೆಗಲ ಮೇಲಿನ ಕಂಬಳಿ ತೆಗೆದು ಕೆಳಗಿಟ್ಟು ನಡೆದುಬಿಟ್ಟ.

"ಗೋವಾದಾಗ ಅದಾನ ಅಂದ್ರು, ಹ್ವಾದ್ನಿ. ಮಂಗಳೂರಾಗ ನೋಡಿದ್ವಿ ಅಂದ್ರು, ಅಲ್ಲೂ ಹ್ವಾದ್ನಿ. ಇನ್ನೆಲ್ಲಿ ಹುಡುಕ್ಲಿ? ಸತ್ತಾನಂತ ಬರ್ಕೋರಿ ಅಕ್ಕಾರ."

"ಬರದೀ ಅಂದ್ರ ಕೈ ಮುರೀತೇನಿ ನೋಡ" ಎಂದು ಒಳಗಿನಿಂದ ಮಾಳವ್ವನ ದನಿ. ಕಿವಿ ಚುರುಕು ಮುದುಕಿಗೆ.

ಸಂಗತಿ ಇಷ್ಟು. ಮಂಜುಳಾಳ ಸಂಬಂಧ ಮೂರು ಸಲ ಕುದುರಿ ಮುರಿದಿದೆ. ದೇವರ ಹೇಳಿಕೆ ಕೇಳಲು ಹೋದಾಗ, ನಿಮ್ಮ ಮನೆಯ ಒಂದು ಜೀವ ಎಡೆ ಸಿಗದೆ ಅಲೆದಾಡುತ್ತಿದೆ ಎಂದರಂತೆ. ಈ ಮಾನಮಿ ಅಮಾವಾಸ್ಯೆಗೆ ಹಿರಿಯರ ಜೊತೆ ಸುಭಾಸನ ಹೆಸರಿನಲ್ಲೂ ಎಡೆ ಇಟ್ಟು, ಹೆಸರು ಹಿಡಿದು ಕರೆಯುವುದು ನಿಕ್ಕಿ ಎಂದ ಹುಚ್ಚಪ್ಪ. ಅಷ್ಟರಲ್ಲಿ ಹೊರಗೆ ಬಂದು ನಿಂತಿದ್ದ ಮಾಳವ್ವ ನನ್ನ ಮುಖ ನೋಡಿ ಹೇಳಿದಳು: "ಜೀವ ಇದ್ದಾಂವಗ ಎಡಿ ಇಟ್ಟ ಕರದ್ರ ಅಂವ ಎಲ್ಲಿದ್ದಾನೋ ಅಲ್ಲೇ ಸಾಯ್ತಾನ. ನನ್ನ ಮಗನ್ನ ಕೊಲ್ಲಾಕ ಹತ್ಯಾನ ಇಂವ."

"ನನ್ನ ಮದಿವಿ ಸಲುವಾಗಿ ಕಾಕಾನ್ನ ಸಾಯಿಸಬ್ಯಾಡ್ರಿ ಅಂತ ನಾನೂ ಹೇಳೇನ್ರಿ" ಎಂದಳು ಮಂಜುಳಾ. ಅಪ್ಪ ಕಣ್ಣು ಬಿಟ್ಟ, ಅವಳು ಒಳಗೆ ಹೋದಳು.

ಅವರ ಮನೆಯ ಜಗಳ, ನನಗೇನು? 'ಹುಡುಕಬೇಕು' ಎಂದು ಗುರುತು ಹಾಕಿ ಎದ್ದೆ. ಇವತ್ತು ಮೂರು ಮನೆ ಪೂರ್ತಿ, ಒಂದು ಬಾಕಿ.

೨೨ ಆಗಸ್ಟ್, ಶುಕ್ರವಾರ

ಸಿದ್ದಾರೂಢ ಫೋನಿನಲ್ಲಿ ಕುಣಿದಾಡಿದ. ಊರು ಬಿಟ್ಟು ಹನ್ನೊಂದು ವರ್ಷ, ಯಾರಿಗೂ ಪತ್ತೆಯಿಲ್ಲ, ಇಂಥವನೇ ಬೇಕು ನಮಗೆ ಎಂದ. ಹಳೆಯ ಸುತ್ತುಗಳಲ್ಲಿ ಎಲ್ಲ ಮನೆಗೂ ಒಂದು ಪ್ರಶ್ನೆ ಇರುತ್ತಿತ್ತು: ನೀವು ಊರು ಬಿಟ್ಟರೆ ನಿಮ್ಮ ಪತ್ತೆ ಯಾರಿಗೆ ಗೊತ್ತಿರುತ್ತದೆ? ಇವನು ಇನ್ನೂ ಮನೆಯಲ್ಲಿದ್ದಾಗ ಅದಕ್ಕೆ ತಾನೇ ಉತ್ತರ ಕೊಟ್ಟಿದ್ದಾನೆ. ಅಬ್ದುಲಗನಿ, ಕುರಿ ವ್ಯಾಪಾರಿ, ಲಕ್ಷ್ಮೇಶ್ವರ.

"ಹೋಗಿ ಬರ್ರಿ ಅಕ್ಕಾರ" ಎಂದ. ಇವನಪ್ಪನ ಮೋಟಾರು ಬಾಗಿಲಲ್ಲಿ ನಿಂತಿದೆಯಲ್ಲ, ಹೋಗಿ ಬರುತ್ತೇನೆ.

ಮಲ್ಲಸಮುದ್ರದಲ್ಲಿ ನಾಲ್ಕು ಮನೆ ಪೂರ್ತಿ.

೨೭ ಆಗಸ್ಟ್, ಬುಧವಾರ

ಗಣೇಶ ಚೌತಿ. ರಜೆ. ಮೊಣಕಾಲಿಗೆ ಎಣ್ಣೆ ತಿಕ್ಕಿ ಮಲಗಿದೆ. ಅವ್ವ ಇದ್ದಿದ್ದರೆ ಕಡುಬು ಕಳಿಸುತ್ತಿದ್ದಳು.

೨ ಸೆಪ್ಟೆಂಬರ್, ಮಂಗಳವಾರ

ಲಕ್ಷ್ಮೇಶ್ವರ. ಅಬ್ದುಲಗನಿ ಸಾಹೇಬರಿಗೆ ಎಪ್ಪತ್ತು ದಾಟಿದೆ. ಕುರಿ ದೊಡ್ಡಿಯ ಬಾಗಿಲಲ್ಲಿ ಹೊರಸು ಹಾಕಿಕೊಂಡು ಕೂತಿದ್ದರು. ಹೆಸರು ಹೇಳಿದ ಕೂಡಲೇ ಮುಖ ಗಂಟಾಯಿತು.

"ಯಾವ ಸುಭಾಸರಿ? ನನ್ನ ಕಡೆ ಕುರಿ ಕೊಟ್ಟ ಸುಭಾಸ ಹತ್ತ ಮಂದಿ ಅದಾರ. ಅವರಣ್ಣ ಕಳಿಸ್ಯಾನೇನ ನಿಮ್ಮನ್ನ?"

ನಮ್ಮ ಸಮೀಕ್ಷೆಯ ಕಥೆಯೆಲ್ಲ ಹೇಳಿದೆ. ಅಣ್ಣನಿಗಿಲ್ಲ, ಸರಕಾರಕ್ಕಿಲ್ಲ, ನೀವು ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ ಎಂದೆ.

"ಖರೇನ?"

"ಕಾಗದದಾಗ ಸಹಿ ಮಾಡೇನ್ರಿ."

"ಕಾಗದ ತಗೊಂಡ ಏನ ಮಾಡ್ಲಿ? ನಿಮ್ಮವ್ವನ ಆಣಿ ಮಾಡ್ರಿ, ಹೇಳ್ತೇನಿ."

ತೀರಿಕೊಂಡವಳ ಮೇಲೆ ಆಣೆ ನಡೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಮಾಡಿದೆ. ಕೆಲಸ ಆಗಬೇಕಲ್ಲ.

ಮುದುಕ ಹೇಳಿದರು. "ಗೋವಾದಾಗೂ ಇಲ್ಲ, ಮಂಗಳೂರಾಗೂ ಇಲ್ಲ. ಸಿಂಗಟಾಲೂರಾಗ ಅದಾನ. ನಮ್ಮ ಮುಂಡರಗಿ ಮುಂದಿನ ಸಿಂಗಟಾಲೂರು. ಮಂದಿ ಹೊಲಾ ಲಾವಣಿಗೆ ಹಿಡದಾನ, ನಾಕ ಕುರಿ ಕಟ್ಯಾನ. ಕೊಳ್ಳಾಕ ನಾನ ಹೋಗ್ತೇನಿ." ಆಮೇಲೆ ಕೇಳದೆಯೇ ಇನ್ನೊಂದು ಮಾತು ಹೇಳಿದರು. "ಆ ತಾಯಿ ಇಲ್ಲಿ ತನಕ ಬಂದು ಸೆರಗ ಒಡ್ಡಿ ಕೇಳಿದ್ಲು ಬಾಯಾರ. ಗೊತ್ತಿಲ್ಲ ಅಂದೆ. ಅಲ್ಲಾಹ್ ನನಗ ಏನ ಶಿಕ್ಷಾ ಕೊಡ್ತಾನೋ ಕೊಡ್ಲಿ. ಆ ಹುಡುಗಗ ಮಾತ ಕೊಟ್ಟೇನಿ."

ಗೋವಾ ಅಂತೆ, ಮಂಗಳೂರು ಅಂತೆ! ಹೊಂಬಳದಿಂದ ಗದಗ, ಗದಗದಿಂದ ಮುಂಡರಗಿ, ಅಲ್ಲಿಂದ ಹೊಳೆ ದಂಡೆ. ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಮುಟ್ಟಬಹುದಾದ ದಾರಿ. ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಆಮೇಲೆ ನಗು ಬರಲಿಲ್ಲ.

೯ ಸೆಪ್ಟೆಂಬರ್, ಮಂಗಳವಾರ

ಸಿಂಗಟಾಲೂರು. ಏತ ನೀರಾವರಿಯ ನೀರು ಹರಿದಲ್ಲೆಲ್ಲ ಹಸಿರು. ಸುಭಾಸ ಮೆಕ್ಕೆಜೋಳಕ್ಕೆ ನೀರು ಹಾಯಿಸುತ್ತಿದ್ದ. ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಮಾತಾಡುವಾಗ ಕೆಳಗೆ ನೋಡುವ ರೀತಿ ಮಾಳವ್ವನದೇ. ಮೊದಲು ಗಾಬರಿಯಾದ. ಅಬ್ದುಲಗನಿ ಸಾಹೇಬರ ಹೆಸರು ಹೇಳಿ, ಆಣೆಯ ಸಂಗತಿ ಹೇಳಿದ ಮೇಲೆ ಕೂತ. ಹೆಂಡತಿ ಚಹಾ ತಂದಳು. ಅಂಗಳದಲ್ಲಿ ಒಂದು ಸಣ್ಣ ಹುಡುಗಿ ಮರಿಯ ಬೆನ್ನು ಹತ್ತಿ ಓಡುತ್ತಿತ್ತು.

ಊರು ಬಿಟ್ಟ ಕಾರಣ ಏನು ಎಂಬುದು ನಮ್ಮ ಮುಖ್ಯ ಪ್ರಶ್ನೆ. ಕೆಲಸ, ಮದುವೆ, ಓದು, ಇತರೆ, ಈ ನಾಲ್ಕರಲ್ಲಿ ಒಂದನ್ನು ಆರಿಸಬೇಕು.

"ಮದ್ಲನೇ ವರ್ಷ ಸಿಟ್ಟಿತ್ರಿ" ಎಂದ. "ಎರಡನೇ ವರ್ಷ ನಾಚಿಕಿ ಬಂತು. ಇಷ್ಟ ದಿವ್ಸ ಬಿಟ್ಟು ಯಾವ ಮಾರಿ ಹೊತ್ತಗೊಂಡು ಹೋಗ್ಲಿ ಅಂತ. ಆಮ್ಯಾಲ ರೂಢಿ ಆತು ನೋಡ್ರಿ."

ಇತರೆ ಎಂದು ಬರೆದೆ.

ಪ್ರಶ್ನೆಗಳೆಲ್ಲ ಮುಗಿದು ಚೀಲ ಹೆಗಲಿಗೆ ಹಾಕಿಕೊಳ್ಳುವಾಗ ಕೇಳಿದ. "ಅಕ್ಕಾರ, ನಮ್ಮವ್ವ ಅದಾಳ್ರಿ?"

ನಿಯಮ ಎರಡೂ ಕಡೆಗೆ. ಅವನ ಮನೆಯ ಮಾತು ಅಲ್ಲಿ ಹೇಳುವಂತಿಲ್ಲ, ಆ ಮನೆಯ ಮಾತು ಇಲ್ಲಿ ಹೇಳುವಂತಿಲ್ಲ. ಹಾಗೆಂದು ತಿಳಿಸಿ ಹೇಳಿದೆ. ಅವನು ನನ್ನ ಮುಖವನ್ನೇ ನೋಡಿದ.

"ಅಂದ್ರ ನನ್ನ ಸುದ್ದಿನೂ ಅಲ್ಲಿ ಹೇಳಾಂಗಿಲ್ಲ."

"ಇಲ್ಲ."

"ಚಲೋ ಆತ ಬಿಡ್ರಿ" ಎಂದು ಗುದ್ದಲಿ ಎತ್ತಿಕೊಂಡ.

ಎಡೆಯ ವಿಷಯ ನಾನು ಎತ್ತಲಿಲ್ಲ. ಎತ್ತುವಂತಿರಲಿಲ್ಲ. ಶಿರಹಟ್ಟಿ ತಾಲೂಕಿನ ಹಳ್ಳಿಯೊಂದರಲ್ಲಿ ಸಂಜೆ ಒಂದು ಮನೆ ಮಾಡಬೇಕಿತ್ತು, ಬಿಟ್ಟು ನೇರ ಮನೆಗೆ ಬಂದೆ. ಕಾಲು ನೋವು.

೧೦ ಸೆಪ್ಟೆಂಬರ್

ಇವತ್ತೂ ಹೋಗಲಿಲ್ಲ. ಕಾಲು.

೧೩ ಸೆಪ್ಟೆಂಬರ್, ಶನಿವಾರ

ಮಧ್ಯಾಹ್ನ ಮನೆಗೆ ಬಂದರೆ ಮೆಟ್ಟಿಲ ಮೇಲೆ ಮಾಳವ್ವ ಕೂತಿದ್ದಾಳೆ! ಹೊಂಬಳದಿಂದ ಬಸ್ಸು ಹತ್ತಿ, ಬೆಟಗೇರಿಯಲ್ಲಿ ಸರ್ವೆ ಅಕ್ಕಾರ ಮನೆ ಎಲ್ಲಿ ಎಂದು ಕೇಳುತ್ತ ಬಂದಿದ್ದಾಳೆ. ಇಪ್ಪತ್ತು ವರ್ಷದಲ್ಲಿ ನಾನು ಜನರ ಮನೆಗೆ ಹೋಗಿದ್ದೇನೆಯೇ ಹೊರತು ಯಾರೂ ನನ್ನ ಮನೆಗೆ ಬಂದದ್ದಿಲ್ಲ. ಒಳಗೆ ಕರೆದು ಚಹಾ ಮಾಡಿದೆ.

"ಹುಡುಕಾಕ ಹೋಗಿದ್ದೇನ ಯವ್ವಾ?"

"ಏನೂ ಹೇಳಾಕ ಬರೂದಿಲ್ಲ ಆಯಿ. ಯಾರ ಮನಿ ಮಾತೂ ಯಾರಿಗೂ ಹೇಳಾಂಗಿಲ್ಲ. ನಿಮ್ಮ ಮಾತೂ ನಾ ಎಲ್ಲೂ ಹೇಳಿಲ್ಲ."

"ಎಲ್ಲಿ ಅದಾನ ಅಂತ ನಾ ಕೇಳೂದಿಲ್ಲ. ಏನ ಮಾಡ್ತಾನ, ಲಗ್ನ ಆಗ್ಯಾನೇನ, ಯಾವುದೂ ಕೇಳೂದಿಲ್ಲ. ಅದಾನೋ ಇಲ್ಲೋ, ಇಷ್ಟ ಹೇಳ. ಬಾಯಿಲೆ ಬ್ಯಾಡ, ತಲಿ ಅಲ್ಲಾಡಸ. ಅದಾನ ಅಂದ್ರ ಅಮಾಸಿ ದಿವ್ಸ ಆ ಎಡಿ ಮುಂದ ನಾ ಅಡ್ಡ ಬೀಳ್ತೇನಿ. ಇಲ್ಲ ಅಂದ್ರ..." ಎಂದು ನಿಂತಳು. "ಇಲ್ಲ ಅಂದ್ರ ನಾನ ಅಡಗಿ ಮಾಡಿ ಬಡಸ್ತೇನಿ."

ನಾನು ಗೋಡೆ ನೋಡುತ್ತ ಕೂತೆ. ತಲೆ ಆ ಕಡೆ ಈ ಕಡೆ ಆಡದಂತೆ ಕತ್ತು ಬಿಗಿ ಹಿಡಿದಿದ್ದೆ. ಕೆಳಗಿನ ಮನೆಯ ಮಗ್ಗ ನಿಂತು ಮತ್ತೆ ಸುರುವಾಯಿತು. ಮಾಳವ್ವ ಚಹಾ ಪೂರ್ತಿ ಕುಡಿದು, ಬಟ್ಟಲನ್ನು ತಾನೇ ತೊಳೆದು ಬೋರಲು ಹಾಕಿದಳು.

"ನಿಂದೂ ಹೊಟ್ಟಿಪಾಡ, ನನಗ ತಿಳೀತೈತಿ" ಎಂದಳು. ಬಸ್ ನಿಲ್ದಾಣದವರೆಗೆ ಬರುತ್ತೇನೆಂದರೆ ಬೇಡ ಎಂದು ಹೋದಳು.

ಕಣ್ಣು ಉರಿಯುತ್ತಿತ್ತು. ಕೆಳಗೆ ಯಾರೋ ಮೆಣಸಿನಕಾಯಿ ಹುರಿಯುತ್ತಿದ್ದರು.

೧೫ ಸೆಪ್ಟೆಂಬರ್, ಸೋಮವಾರ

ಸಿದ್ದಾರೂಢನಿಗೆ ಎಲ್ಲ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಅಕ್ಕಾರ, ನಿಮ್ಮ ಸಂಕಟ ನನಗ ಗೊತ್ತಾಗ್ತೈತಿ. ಆದ್ರ ಗಂಡನ ಹೊಡತಾ ತಾಳಲಾರದ ಓಡಿಹೋದ ಹೆಣ್ಣಮಕ್ಕಳೂ ನಮ್ಮ ಸರ್ವೆದಾಗ ಅದಾರ. ಅವರ ಪತ್ತೆ ನಮಗಷ್ಟ ಗೊತ್ತು. 'ಅದಾಳೋ ಇಲ್ಲೋ ಇಷ್ಟ ಹೇಳ್ರಿ' ಅಂತ ಆ ಗಂಡಂದ್ರೂ ಅಳಕೋತ ಬರ್ತಾರ. ಒಂದ ಸಲ ಬಾಯಿ ಬಿಟ್ರ ಮುಗೀತು" ಎಂದ.

ಖರೆ ಇದೆ. ಹುಡುಗ ಬುದ್ಧಿವಂತ. ಶಿರಹಟ್ಟಿಯ ಅಂಥ ಒಬ್ಬಳ ಪತ್ತೆ ನನ್ನ ಬಳಿಯೇ ಇದೆ. ಅವಳ ಗಂಡ ನನ್ನ ಮುಂದೆ ಬಿಕ್ಕಿ ಬಿಕ್ಕಿ ಅತ್ತಿದ್ದ. ಅವನಿಗೆ ಹೇಳದಿದ್ದುದಕ್ಕೆ ನನಗೆ ಯಾವತ್ತೂ ನಿದ್ದೆ ಕೆಟ್ಟಿಲ್ಲ.

ಈ ವಾರ ಎಷ್ಟು ಮನೆ ಆಯಿತು ಎಂದು ಕೇಳಿದ. ನೋಡಿ ಹೇಳುತ್ತೇನೆ ಎಂದೆ.

೧೮ ಸೆಪ್ಟೆಂಬರ್, ಗುರುವಾರ

ಒಂದು ಉತ್ತರ ಖಚಿತ ಮಾಡಿಕೊಳ್ಳಬೇಕಿತ್ತು, ಅದಕ್ಕೇ ಸುಭಾಸನಿಗೆ ಫೋನು ಮಾಡಿದೆ. ಲಾವಣಿ ಹೊಲ ಎಷ್ಟು ಎಕರೆ ಎಂದು ಕೇಳಿದೆ. ಹೇಳಿದ. ಆಮೇಲೆ ನನ್ನ ಬಾಯಿಂದ ಬಂದೇ ಬಿಟ್ಟಿತು.

"ನಿಮ್ಮವ್ವ ಅದಾಳಪ್ಪಾ. ಗಟ್ಟಿ ಅದಾಳ. ಈ ಅಮಾಸಿಗೆ ನಿಮ್ಮಣ್ಣ ನಿನ್ನ ಹೆಸರಿಲೆ ಎಡಿ ಇಡಾಂವ ಅದಾನ. ಅಕಿ ಬ್ಯಾಡ ಅಂತ ಹಟಾ ಹಿಡದಾಳ. ಒಂದ ಸಲ ಹೋಗಿ ಮಾರಿ ತೋರಿಸಿ ಬಾ."

ಆ ಕಡೆ ನೀರು ಹರಿಯುವ ಸದ್ದು. ಆಮೇಲೆ ಅಂದ: "ಇಟ್ರ ಇಡ್ಲಿ ಬಿಡ್ರಿ. ಆ ಸುಭಾಸ ಸತ್ತಂಗ ಐತಿ. ಎಡಿ ಇಟ್ರ ನನಗೇನೂ ಆಗೂದಿಲ್ಲ."

"ನಿನಗ ಆಗೂದಿಲ್ಲೋ ಮಾರಾಯಾ, ಅಕಿಗೆ ಆಗ್ತೈತಿ!" ಎಂದು ಚೀರಿದೆ. ಇಪ್ಪತ್ತು ವರ್ಷದಲ್ಲಿ ಉತ್ತರ ಕೊಟ್ಟವರ ಮೇಲೆ ದನಿ ಏರಿಸಿದ್ದು ಇದೇ ಮೊದಲು.

ಅವನು ಫೋನಿಟ್ಟ. ಆಮೇಲೆ ಎಷ್ಟು ಸಲ ಮಾಡಿದರೂ ಬಂದ್ ಎನ್ನುತ್ತಿತ್ತು.

ಮೊದಲು ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ಎಲ್ಲಿ, ಹೇಗೆ ಎಂದೇನೂ ಹೇಳಿಲ್ಲ, ತಾಯಿ ಇದ್ದಾಳೆ ಎಂದೆ ಅಷ್ಟೇ. ಅಷ್ಟೇ ಅಲ್ಲವೇ ಮಾಳವ್ವನೂ ಕೇಳಿದ್ದು? ಕೇಳಿಯೂ ಬರದವನಿಗೆ ಹೇಳಿದೆ. ಬಸ್ಸು ಹತ್ತಿ ಬಂದವಳಿಗೆ ಹೇಳಲಿಲ್ಲ. ನನ್ನ ಮೇಲೆ ನನಗೇ ಅಸಹ್ಯ ಬಂತು.

೨೧ ಸೆಪ್ಟೆಂಬರ್, ಭಾನುವಾರ, ಅಮಾವಾಸ್ಯೆ

ಅಣ್ಣನ ಮನೆಗೆ ಹೋಗಲಿಲ್ಲ. ಅವ್ವನ ಮೊದಲ ಎಡೆಗೆ ಮಗಳು ಹೋಗಲಿಲ್ಲ ಎಂದು ನಾಳೆಯಿಂದ ಊರೆಲ್ಲ ಆಡಿಕೊಳ್ಳುತ್ತಾರೆ. ಅಣ್ಣ ಎರಡು ಸಲ ಫೋನು ಮಾಡಿದ್ದ, ನಾನು ಎತ್ತಲಿಲ್ಲ.

ಹೊಂಬಳದ ಆ ಮನೆಯಲ್ಲಿ ನೀರು, ವಿದ್ಯುತ್ತಿನ ಪ್ರಶ್ನೆಗಳು ಬಾಕಿ ಇದ್ದವು. ಹಬ್ಬದ ದಿನ ಯಾರು ಸರ್ವೆಗೆ ಹೋಗುತ್ತಾರೆ? ನಾನು ಹೋದೆ.

ಮುಟ್ಟಿದಾಗ ಹನ್ನೆರಡಾಗಿತ್ತು. ಮಾಳವ್ವ ಹೊರಗಿನ ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿ ಕೂತಿದ್ದಳು. ಎಡೆಯನ್ನು ತಡೆಯಲು ಅವಳಲ್ಲಿ ಮಾತೇ ಉಳಿದಿರಲಿಲ್ಲ. ಅದಾನ ಎಂದು ಹೇಳಲು ಅವಳಿಗೆ ಯಾರು ಏನು ಕೊಟ್ಟಿದ್ದರು? ನನ್ನನ್ನು ನೋಡಿದಳು. ಕೇಳಲಿಲ್ಲ.

ಒಳಗೆ ಗೋಡೆಗೆ ಹೊಂದಿಸಿ ಹೊಸ ಬಟ್ಟೆ ಮಡಿಸಿಟ್ಟಿದ್ದರು. ಮುಂದೆ ಸಾಲಾಗಿ ಬಾಳೆ ಎಲೆಗಳು, ಹೋಳಿಗೆ, ಅನ್ನ, ಪಲ್ಯ. ಹುಚ್ಚಪ್ಪನ ಅಪ್ಪ ಮಾಳಿಂಗರಾಯನದು, ಹೆಂಡತಿಯದು, ಇನ್ನೂ ಹಿರಿಯರದು. ಸಾಲಿನ ಕೊನೆಗೆ ಒಂದು ಅಂಗಿ, ಒಂದು ಪಂಚೆ, ಅದರ ಮುಂದೆ ಒಂದು ಎಲೆ. ಬಡಿಸುತ್ತಿದ್ದ ಮಂಜುಳಾ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹುಚ್ಚಪ್ಪ ಕರ್ಪೂರ ಹಚ್ಚಿ ಒಬ್ಬೊಬ್ಬರ ಹೆಸರು ಹಿಡಿದು ಕರೆಯತೊಡಗಿದ. ಯಪ್ಪಾ ಮಾಳಿಂಗರಾಯಾ, ಉಣ್ಣ ಬಾ ಎಂದ. ಹೆಂಡತಿಯ ಹೆಸರು ಹೇಳುವಾಗ ಅವನ ದನಿ ಸೋತಿತು. ನಂತರ ಕೊನೆಯ ಎಲೆಯ ಕಡೆ ಹೊರಳಿದ. ಅವನ ಗಲ್ಲವೂ ಒದ್ದೆಯಾಗಿತ್ತು. ಇವನು ತಮ್ಮನನ್ನು ಕೊಲ್ಲುತ್ತಿರಲಿಲ್ಲ, ಪಾಪ, ತನಗೆ ತಿಳಿದಂತೆ ಉಣ್ಣಲು ಕರೆಯುತ್ತಿದ್ದ.

ಚಪ್ಪಲಿ ಯಾವಾಗ ಬಿಟ್ಟೆನೋ ನೆನಪಿಲ್ಲ. ಹೋಗಿ ಆ ಕೊನೆಯ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಹೋಳಿಗೆ ಮುರಿದು ಬಾಯಿಗಿಟ್ಟೆ.

"ಅಕ್ಕಾರ!" ಹುಚ್ಚಪ್ಪನ ಕೈಯಿಂದ ಆರತಿ ಜಾರಿತು. "ಏನ ಮಾಡಿದ್ರಿ? ಎಡಿ ಎಂಜಲಾ ಮಾಡಿದ್ರಲ್ರಿ! ಬುದ್ಧಿ ನೆಟ್ಟಗ ಐತೇನ ನಿಮಗ?"

"ಹಸಿವಾಗಿತ್ತು" ಎಂದೆ. ಇನ್ನೊಂದು ತುತ್ತು ತಿಂದೆ. ನೀರು ಕುಡಿದೆ. ಅವ್ವ ಇದ್ದಿದ್ದರೆ ನನ್ನ ಜನ್ಮ ಜಾಲಾಡುತ್ತಿದ್ದಳು, ಸತ್ತವರ ಎಡೆಗೆ ಕೈ ಹಾಕಿದೆಯಾ ಎಂದು. ಸತ್ತವರದಲ್ಲ ಅವ್ವಾ.

"ಬ್ಯಾರೆ ಎಲಿ ಹಾಕಿ ಬಡಸ್ತಿದ್ವಿ! ನಿಮಗ ಇದ... ಇದ ಎಲಿನ ಬೇಕಿತ್ತೇನ..." ಎಂದವನು ಅರ್ಧಕ್ಕೆ ನಿಂತ. ನನ್ನ ಮುಖ ನೋಡಿದ. ನಾನು ಎಲೆ ನೋಡುತ್ತಿದ್ದೆ. ಮಂಜುಳಾ ಸಾರಿನ ಪಾತ್ರೆ ಹಿಡಿದು ಹಾಗೇ ನಿಂತಿದ್ದಳು. ಹುಚ್ಚಪ್ಪ ಮೆಲ್ಲಗೆ ನೆಲಕ್ಕೆ ಕೂತ.

"ಎಲ್ಲಿ?" ಎಂದ.

"ನಾ ಏನೂ ಹೇಳಿಲ್ಲಪ್ಪಾ. ಹಸಿವಾಗಿತ್ತು, ಉಣ್ಣಾಕತ್ತೇನಿ."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳತೊಡಗಿದ. ದೊಡ್ಡ ಗಂಡಸು, ಸಣ್ಣ ಕೂಸಿನಂತೆ ಅತ್ತ. ಹೊಡೆದ ಕೈ ಅದೇ.

ಮಾಳವ್ವ ಹೊಸ್ತಿಲಲ್ಲಿ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಒಳಗೆ ಬಂದು ತುಪ್ಪದ ಗಿಂಡಿ ಎತ್ತಿಕೊಂಡು ನನ್ನ ಹೋಳಿಗೆಗೆ ಸುರುವಿದಳು. "ಉಣ್ಣ. ಅರ್ಧಕ್ಕ ಏಳಬ್ಯಾಡ" ಎಂದಳು. ಪೂರ್ತಿ ಉಂಡೆ. ಆ ಎಲೆಯನ್ನು ಅವಳೇ ಮಡಿಸಿ ಎತ್ತಿದಳು, ಅಂಗಿ ಪಂಚೆಯನ್ನೂ ಅಲ್ಲಿಂದ ತೆಗೆದಳು.

ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ. ನಾನು ಯಾರ ಪತ್ತೆಯನ್ನೂ ಯಾರಿಗೂ ಹೇಳಿಲ್ಲ. ಅಬ್ದುಲಗನಿ ಸಾಹೇಬರಿಗೆ ಕೊಟ್ಟ ಮಾತು ಹಾಗೇ ಇದೆ. ಒಂದು ಮನೆಯಲ್ಲಿ ಊಟ ಮಾಡಿದ್ದೇನೆ.

ಬಸ್ಸಿಗೆ ಹೊರಟಾಗ ಮಾಳವ್ವ ಬೀದಿಯವರೆಗೆ ಬಂದಳು. ಕೈ ಹಿಡಿದುಕೊಳ್ಳುತ್ತಾಳೆ, ಹರಸುತ್ತಾಳೆ ಎಂದು ನಾನು ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ. ಅವಳ ಮುಖದಲ್ಲಿ ಖುಷಿ ಇರಲಿಲ್ಲ.

"ಇಷ್ಟ ವರ್ಷ ಅಂವಗ ಬರಾಕ ಆಗವಲ್ದು ಅಂತ ತಿಳಕೊಂಡಿದ್ದೆ ಯವ್ವಾ" ಎಂದಳು. "ಕಾಲ ಮುರದಾವೇನೋ, ಜೇಲಿನ್ಯಾಗ ಅದಾನೇನೋ, ಯಾರರ ಹಿಡದ ಇಟಗೊಂಡಾರೇನೋ. ಬರಾಕ ಆಗವಲ್ದು, ಅದಕ್ಕ ಬಂದಿಲ್ಲ ಅಂತ."

ಇಷ್ಟು ದಿನ ಅವನು ಇದ್ದಾನೆ ಎಂಬುದೊಂದನ್ನೇ ಹಿಡಿದುಕೊಂಡು ಒದ್ದಾಡಿದ್ದೆ. ಈ ಕಡೆಯಿಂದ ಒಮ್ಮೆಯೂ ಯೋಚಿಸಿರಲಿಲ್ಲ.

"ಚೀಲದಾಗಿನದು ತಗಿ" ಎಂದಳು. ಟ್ಯಾಬ್ ತೆಗೆದೆ. "ಕುರಿ ಹಿಂದ ಹೋಗ್ಯಾನ ಅಂತ ನಾ ಹೇಳಿದ್ದು ಅದರಾಗ ಐತೇನ ಇನ್ನೂ?"

"ಐತಿ ಆಯಿ."

"ತಗದ ಹಾಕ. ಮನಿ ಬಿಟ್ಟ ಹ್ವಾದ ಅಂತ ಬರಿ."

ಬಿಸಿಲಿಗೆ ಅಕ್ಷರ ಕಾಣುತ್ತಿರಲಿಲ್ಲ. ಅವಳು ಸೆರಗು ಎತ್ತಿ ನೆರಳು ಹಿಡಿದಳು. ಅದರ ಕೆಳಗೆ ಬರೆದೆ.

"ಬರದಿ?"

"ಬರದೆ ಆಯಿ."

ಸೆರಗು ಇಳಿಸಿ, ಹೊರಳಿ ಒಳಗೆ ಹೋದಳು.